ಹಳೆಯ ಸೇತುವೆಯ ಅಂಚಿಗೆ ಶಬ್ದ ತಡೆಗೋಡೆ: ಕಾರ್ಬನ್ ಪಟ್ಟಿ ಹಾಕಿ ಡೆಕ್ ಗಟ್ಟಿ ಮಾಡುವ ಸಮಗ್ರ ಮಾರ್ಗದರ್ಶಿ

ಒಂದೇ ಥರದ ಫೋಟೋ ನನಗೆ ಮತ್ತೆ ಮತ್ತೆ ಬರುತ್ತದೆ. ಸೇತುವೆಯ ಹೊರಚಾಚಿನ (ತೊಲೆಯಿಂದ ಆಚೆಗೆ ಚಾಚಿದ ಡೆಕ್‌ನ, ಅಂದರೆ ರಸ್ತೆ ಹೊತ್ತ ಸ್ಲ್ಯಾಬಿನ ಅಂಚು) ಕೆಳಗೆ ನೀಟಾಗಿ ಅಂಟಿಸಿದ ಕಪ್ಪು ಕಾರ್ಬನ್ ನಾರಿನ ಹಾಳೆ, ಮೇಲೆ ಮೂರು ಮೀಟರ್ ಎತ್ತರದ ಶಬ್ದ ತಡೆಗೋಡೆ, ಜೊತೆಗೆ ಒಂದು ಪ್ರಶ್ನೆ: "ಸರ್, ಇಷ್ಟೆಲ್ಲ ಮಾಡಿದ್ರೂ ಡೆಕ್ ಮೇಲೆ ಉದ್ದಕ್ಕೆ ಬಿರುಕು ಬಿಡ್ತಿದೆ, ಯಾಕೆ?"

ಯಾಕಂದ್ರೆ ಹಾಳೆ ಇರಬೇಕಾದ್ದು ಮೇಲೆ, ನೀವು ಹಾಕಿರುವುದು ಕೆಳಗೆ.

ಗೋಡೆಗೆ ನೇತುಹಾಕಿದ ಶೆಲ್ಫನ್ನು ನೆನೆಸಿಕೊಳ್ಳಿ. ತುದಿಗೆ ಭಾರ ಬಿದ್ದರೆ ಅದರ ಮೇಲ್ಮೈ ಹಿಗ್ಗುತ್ತದೆ, ಕೆಳಮೈ ಒತ್ತಿಕೊಳ್ಳುತ್ತದೆ. ಹೊರಚಾಚು ಕೂಡ ಹಾಗೆಯೇ. ಕಾರ್ಬನ್ ನಾರು ಎಳೆತಕ್ಕೆ ಮಾತ್ರ ದುಡಿಯುವ ವಸ್ತು. ಒತ್ತಿಕೊಳ್ಳುವ ಮೈಗೆ ಅಂಟಿಸಿದರೆ ಅದು ಬರೀ ದುಬಾರಿ ಬಣ್ಣ. ಕೆಳಗೆ ಅಂಟಿಸುವುದು ಸುಲಭ, ಟಾರು ಕೀಳಬೇಕಿಲ್ಲ, ವಾಹನ ನಿಲ್ಲಿಸಬೇಕಿಲ್ಲ, ಅದಕ್ಕೇ ಎಲ್ಲರೂ ಕೆಳಗೆ ಹೋಗುತ್ತಾರೆ. ಸುಲಭದ ಜಾಗ ಬೇರೆ, ಕೆಲಸದ ಜಾಗ ಬೇರೆ ಅಲ್ವಾ?

ದಾವಣಗೆರೆ–ಚಿತ್ರದುರ್ಗದ ನಡುವೆ ರಾಷ್ಟ್ರೀಯ ಹೆದ್ದಾರಿ 48ರ ಪಕ್ಕ ಊರುಗಳು, ಶಾಲೆಗಳು, ಹೊಸ ಬಡಾವಣೆಗಳು ಹತ್ತಿರ ಬರುತ್ತಲೇ ಇವೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ಹೆದ್ದಾರಿ ಪಕ್ಕದ ಮನೆಗೆ ಅದು ಕನಸಿನ ಮಾತು. ಹಾಗಾಗಿ ತಡೆಗೋಡೆ ಬೇಕು ಅನ್ನುವ ಬೇಡಿಕೆ ನ್ಯಾಯವಾದದ್ದೇ. ಆದರೆ ಸೇತುವೆ ಕಟ್ಟಿದಾಗ ಯಾರೂ ಈ ಗೋಡೆಯನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಕೆಳಗೆ ಬರೆದಿರುವುದು ಗರ್ಡರ್ (ಉದ್ದ ತೊಲೆ) ಮೇಲೆ ಕಾಂಕ್ರೀಟ್ ಸ್ಲ್ಯಾಬ್ ಇರುವ ಸಾಮಾನ್ಯ ಸೇತುವೆಗೆ. ಡಿಸೈನ್‌ಗೆ ಸೇತುವೆ ಎಂಜಿನಿಯರ್ ಸಹಿ ಇರಲೇಬೇಕು. ಇದನ್ನು ಓದಿ ಯಾರೂ ನೇರ ಗ್ರೈಂಡರ್ ಹಿಡಿಯಬೇಡಿ.

ಮೊದಲು ಕೈಗೆ ಬೇಕಾದ ಸಾಮಾನು

ತಪಾಸಣೆಗೆ: ಕಂಬಿ ಹುಡುಕುವ ಕವರ್ ಮೀಟರ್, ಕಾಂಕ್ರೀಟಿನ ಉರುಳೆ ತುಂಡು (ಕೋರ್) ತೆಗೆಯುವ ಯಂತ್ರ, ತುಕ್ಕು ಅಳೆಯುವ ಹಾಫ್ ಸೆಲ್ ಮೀಟರ್, ಕಾಂಕ್ರೀಟಿನಲ್ಲಿ ಕ್ಷಾರ ಉಳಿದಿದೆಯೇ ಎಂದು ತೋರಿಸುವ ಫಿನಾಲ್ಫ್ಥಲೀನ್ ದ್ರಾವಣ, ಮೈಯ ಹಿಡಿತವನ್ನು ಎಳೆದು ನೋಡುವ ಪುಲ್ ಆಫ್ ಪರೀಕ್ಷೆಯ ಉಪಕರಣ.

ಕೆಲಸಕ್ಕೆ: ಆಳ ನಿಲ್ಲಿಸುವ ಸ್ಟಾಪರ್ ಇರುವ, ಡೈಮಂಡ್ ಬ್ಲೇಡಿನ ಕಾಂಕ್ರೀಟ್ ಕಟರ್, ಧೂಳೆಳೆಯುವ ವ್ಯಾಕ್ಯೂಮ್, ಎಣ್ಣೆ ಬಾರದ ಗಾಳಿ ಕಂಪ್ರೆಸರ್, ತಂತಿ ಬ್ರಷ್, ಎಪಾಕ್ಸಿ ಅಂಟು ತುಂಬುವ ಗನ್, ನಿಧಾನ ತಿರುಗುವ ಮಿಕ್ಸರ್, ತೂಕದ ಯಂತ್ರ. ಮೈಯ ಬಿಸಿ ಮತ್ತು ಗಾಳಿಯ ತೇವ ಎರಡನ್ನೂ ತೋರಿಸುವ ಮೀಟರ್ ಒಂದು. ಈ ಕೊನೆಯದನ್ನು ತರದೇ ಬರುವವರೇ ಜಾಸ್ತಿ. ಕೆಲಸ ಕೆಡುವುದೂ ಅಲ್ಲೇ.

ಸುರಕ್ಷತೆಗೆ: ಒಳ್ಳೆಯ ಮಾಸ್ಕ್, ನೈಟ್ರೈಲ್ ಕೈಗವಸು, ಕನ್ನಡಕ. ಕಾರ್ಬನ್ ಧೂಳು ವಿದ್ಯುತ್ ಹಾಯಿಸುತ್ತದೆ. ರೈಲ್ವೆ ಮೇಲ್ಸೇತುವೆಯಾದರೆ ಕೆಳಗೆ 25 ಸಾವಿರ ವೋಲ್ಟಿನ ತಂತಿ ಇರುತ್ತದೆ. ಪಟ್ಟಿಯ ತುಂಡೊಂದು ಅಂಚಿನಿಂದ ಕೆಳಗೆ ಜಾರಿದರೂ ಅನಾಹುತ. ಅಲ್ಲಿ ರೈಲ್ವೆಯ ಲಿಖಿತ ಅನುಮತಿ, ಲೈನ್ ಬ್ಲಾಕ್ (ರೈಲು ಸಂಚಾರ ತಡೆ) ಇಲ್ಲದೆ ಒಂದು ಬ್ಲೇಡೂ ತಿರುಗಬಾರದು.

ಹಂತ 1: ಹಳೆಯ ಡೆಕ್ ಏನಾಗಿದೆ ಎಂದು ನೋಡುವುದು

ಹಳೆಯ ನಕ್ಷೆ ಸಿಕ್ಕರೆ ಪುಣ್ಯ. ಸಿಕ್ಕರೂ ನಂಬಬೇಡಿ. ಮೇಲಿನ ಪದರದ ಅಡ್ಡ ಕಂಬಿ ಕಾಂಕ್ರೀಟ್ ಹಾಕುವಾಗ ಮೇಸ್ತ್ರಿಗಳ ಕಾಲ್ತುಳಿತಕ್ಕೆ ಸಿಕ್ಕಿ ಕೆಳಗಿಳಿದಿರುವುದು ನಮ್ಮಲ್ಲಿ ಮಾಮೂಲು. ನಕ್ಷೆಯಲ್ಲಿ 40 ಮಿ.ಮೀ. ಕವರ್ (ಕಂಬಿಯ ಮೇಲಿನ ಕಾಂಕ್ರೀಟ್ ದಪ್ಪ) ಇದ್ದರೆ ಸ್ಥಳದಲ್ಲಿ 70 ಇರಬಹುದು. ಕಂಬಿ ಕೆಳಗಿಳಿದಷ್ಟೂ ಹೊರಚಾಚಿನ ತಾಕತ್ತು ಕಮ್ಮಿ. ಕವರ್ ಮೀಟರ್‌ನಲ್ಲಿ ಎರಡೆರಡು ಮೀಟರಿಗೆ ಒಂದರಂತೆ ಓದಿ, ಎರಡು ಮೂರು ಕಡೆ ಸಣ್ಣಗೆ ಕೆತ್ತಿ ಕಂಬಿಯ ದಪ್ಪವನ್ನು ಕಣ್ಣಾರೆ ನೋಡಿ.

ಕೋರ್ ತೆಗೆದು ಕಾಂಕ್ರೀಟಿನ ಬಲ ನೋಡಿ. 17 ಮೆಗಾಪಾಸ್ಕಲ್‌ಗಿಂತ ಕಡಿಮೆ ಇದ್ದರೆ ಅಂಟಿಸುವ ಯೋಚನೆಯನ್ನೇ ಬಿಡಿ. ಮೈಗೆ ಅಂಟಿಸುವ ಹಾಳೆಯಾದರೆ ಪುಲ್ ಆಫ್ ಪರೀಕ್ಷೆಯಲ್ಲಿ ಕನಿಷ್ಠ 1.4 ಮೆಗಾಪಾಸ್ಕಲ್ ಬರಬೇಕು, ಅದೂ ಕಾಂಕ್ರೀಟೇ ಕಿತ್ತು ಬರಬೇಕು, ಅಂಟಲ್ಲ. ಕೋರ್ ಪರೀಕ್ಷೆಗೆ ಬೆಂಗಳೂರಿಗೆ ಓಡಬೇಕಿಲ್ಲ. ದಾವಣಗೆರೆ, ಚಿತ್ರದುರ್ಗ ಎರಡೂ ಊರುಗಳ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಸಿವಿಲ್ ಲ್ಯಾಬ್ ಇವೆ, ಮೊದಲು ಅಲ್ಲೇ ವಿಚಾರಿಸಿ.

ತುಕ್ಕಿನ ವಿಷಯಕ್ಕೆ ಸ್ವಲ್ಪ ಹೊತ್ತು ಕೊಡಿ. ತಾಮ್ರದ ಸಲ್ಫೇಟ್ ಹಾಫ್ ಸೆಲ್‌ನಲ್ಲಿ ಮೈನಸ್ 350 ಮಿಲಿವೋಲ್ಟ್ ದಾಟಿದರೆ ಅಲ್ಲಿ ತುಕ್ಕು ನಡೆಯುತ್ತಿರುವ ಸಾಧ್ಯತೆ ನೂರಕ್ಕೆ ತೊಂಬತ್ತಕ್ಕೂ ಮೇಲೆ. ಅದರ ಮೇಲೆ ಕಾರ್ಬನ್ ಮುಚ್ಚಿದರೆ ಕಾಯಿಲೆಗೆ ಕಂಬಳಿ ಹೊದಿಸಿದ ಹಾಗೆ. ಒಳಗೆ ಕಂಬಿ ಉಬ್ಬಿ ಕಾಂಕ್ರೀಟನ್ನೇ ಪಟ್ಟಿ ಸಮೇತ ಎತ್ತುತ್ತದೆ.

*ಇಲ್ಲಿಯೇ ನಿಲ್ಲಿ ಎನ್ನುವ ಸೂಚನೆಗಳು:* ಚಾಚಿನ ಕೆಳಗೆ ಕಂದು ನೀರಿನ ಗೆರೆ, ಸುತ್ತಿಗೆ ತಟ್ಟಿದರೆ ಟೊಳ್ಳು ಸದ್ದು, ಗರ್ಡರಿಗೆ ಸಮಾನಾಂತರವಾಗಿ ಡೆಕ್ ಮೇಲೆ ಈಗಾಗಲೇ ಓಡಿರುವ ಬಿರುಕು, ಮೇಲಿನಿಂದ ಕೆಳಗೆ ಇಳಿಯುವ ನೀರು. ಇವುಗಳನ್ನು ಮೊದಲು ರಿಪೇರಿ ಮಾಡಿ, ಆಮೇಲೆ ಬಲಪಡಿಸುವ ಮಾತು.

ಹಂತ 2: ಗಾಳಿಯ ಲೆಕ್ಕ, ತೂಕದ್ದಲ್ಲ

"ಸರ್, ಅಲ್ಯೂಮಿನಿಯಂ ಪ್ಯಾನೆಲ್, ತುಂಬಾ ಹಗುರ, ಏನೂ ಆಗಲ್ಲ." ಈ ಮಾತು ಕೇಳಿ ಕೇಳಿ ಸಾಕಾಗಿದೆ. ಹಗುರವೇ ಇರಲಿ. ಗಾಳಿಗೆ ಪ್ಯಾನೆಲ್‌ನ ತೂಕ ಗೊತ್ತಾಗುವುದಿಲ್ಲ, ಅಗಲ ಗೊತ್ತಾಗುತ್ತದೆ.

ಗಾಳಿ ಹೊರೆಯ ಭಾರತೀಯ ಮಾನದಂಡ ಐಎಸ್ 875ರ 3ನೇ ಭಾಗದ ನಕ್ಷೆಯಲ್ಲಿ ನಮ್ಮ ಕಡೆಯ ಮೂಲ ಗಾಳಿ ವೇಗ ಸೆಕೆಂಡಿಗೆ 33 ಮೀಟರ್. ಈ ವೇಗದ ವರ್ಗವನ್ನು 0.6ರಿಂದ ಗುಣಿಸಿದರೆ ಚದರ ಮೀಟರಿಗೆ ಸುಮಾರು 650 ನ್ಯೂಟನ್. ಚಪ್ಪಟೆ ಗೋಡೆಯ ಆಕಾರದ ಗುಣಾಂಕ, ಸುರಕ್ಷತಾ ಗುಣಾಂಕ ಸೇರಿಸಿದರೆ 1.3 ಕಿಲೋನ್ಯೂಟನ್ ಹತ್ತಿರ ಬರುತ್ತದೆ. ಉದಾಹರಣೆಗೆ 1.5 ಎಂದು ಹಿಡಿಯೋಣ.

ಚಿತ್ರದುರ್ಗದವರು ಇಲ್ಲಿ ಎಚ್ಚರ. ಜೋಗಿಮಟ್ಟಿ ಕಡೆ ಗುಡ್ಡದ ಮೇಲೆ ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿಲ್ಲ. ಇಳಿಜಾರು 3 ಡಿಗ್ರಿ ದಾಟಿದ ಗುಡ್ಡದ ನೆತ್ತಿ ಅಥವಾ ಏಣಿನ ಹತ್ತಿರ ಸೇತುವೆ ಇದ್ದರೆ ಭೂಸ್ವರೂಪದ ಗುಣಾಂಕ 1.36ರ ತನಕ ಹೋಗಬಹುದು. ಅದು ವೇಗಕ್ಕೆ. ಒತ್ತಡ ವೇಗದ ವರ್ಗದಂತೆ ಏರುವುದರಿಂದ ಹೊರೆ 1.85 ಪಟ್ಟು.

ಈಗ ಲೆಕ್ಕ. ಗೋಡೆ 3 ಮೀಟರ್ ಎತ್ತರ, ಒಂದು ಮೀಟರ್ ಎತ್ತರದ ಕ್ರ್ಯಾಶ್ ಬ್ಯಾರಿಯರ್ (ವಾಹನ ತಡೆಯುವ ಕಾಂಕ್ರೀಟ್ ಅಡ್ಡಗೋಡೆ) ಮೇಲೆ ನಿಂತಿದೆ, ಕಂಬಗಳ ನಡುವೆ 2 ಮೀಟರ್. ಒಂದು ಕಂಬಕ್ಕೆ ಬೀಳುವ ಗಾಳಿ ಬಲ 6 ಚದರ ಮೀಟರ್ ಗುಣಿಸು 1.5, ಅಂದರೆ 9 ಕಿಲೋನ್ಯೂಟನ್. ಅದು ಡೆಕ್‌ನಿಂದ 2.5 ಮೀಟರ್ ಮೇಲೆ ತಳ್ಳುತ್ತದೆ. ಮೊಮೆಂಟ್ (ಬಗ್ಗಿಸುವ ಹೊರೆ, ಅಂದರೆ ಬಲ ಗುಣಿಸು ದೂರ) 22.5 ಕಿಲೋನ್ಯೂಟನ್ ಮೀಟರ್, ಡೆಕ್‌ನ ಪ್ರತಿ ಮೀಟರಿಗೆ 11.25.

ತೂಕದ್ದು? ಪ್ಯಾನೆಲ್ ಚದರ ಮೀಟರಿಗೆ 40 ಕೆ.ಜಿ., ಕಂಬ ಸೇರಿ ಮೀಟರಿಗೆ 160 ಕೆ.ಜಿ. ಗರ್ಡರ್ ಮುಖದಿಂದ 1.4 ಮೀಟರ್ ಹೊರಗೆ ಕೂತರೆ ಮೊಮೆಂಟ್ 2.2 ಮಾತ್ರ. ಗಾಳಿಯದ್ದು ಅದರ ಐದು ಪಟ್ಟು. ಎರಡೂ ಸೇರಿ ಪ್ರತಿ ಮೀಟರಿಗೆ ಸುಮಾರು 13.5 ಕಿಲೋನ್ಯೂಟನ್ ಮೀಟರ್ ಹೊಸ ಮೊಮೆಂಟ್. ಮೊದಲೇ ಇದ್ದ ಸ್ವಂತ ಭಾರ, ಲಾರಿ ಚಕ್ರ, ಕ್ರ್ಯಾಶ್ ಹೊರೆಗಳನ್ನು ರಸ್ತೆ ಸೇತುವೆ ಹೊರೆಗಳ ಸಂಹಿತೆ ಐಆರ್‌ಸಿ 6ರ ಸಂಯೋಜನೆಯಂತೆ ಇದರ ಜೊತೆ ಕೂಡಬೇಕು.

ಹಾಗಂತ ಭಾರದ ಕಾಂಕ್ರೀಟ್ ಪ್ಯಾನೆಲ್ ಹಾಕಬಹುದು ಅಂತ ಅಲ್ಲ. ಶಬ್ದ ತಡೆಯಲು ಚದರ ಮೀಟರಿಗೆ 20 ಕೆ.ಜಿ. ಇದ್ದರೆ ಸಾಮಾನ್ಯವಾಗಿ ಸಾಕು. 20 ಮಿ.ಮೀ. ಅಕ್ರಿಲಿಕ್ ಹಾಳೆಯೇ ಅಷ್ಟು ತೂಗುತ್ತದೆ. ಅದಕ್ಕಿಂತ ಭಾರ ಹಾಕಿದರೂ ಶಬ್ದ ಮೇಲಿನ ಅಂಚನ್ನು ದಾಟಿಕೊಂಡೇ ಬರುತ್ತದೆ.

ಮರೆಯುವ ಜಾಗ ಒಂದಿದೆ: ಎಕ್ಸ್‌ಪಾನ್ಷನ್ ಜಾಯಿಂಟ್, ಅಂದರೆ ಡೆಕ್ ಹಿಗ್ಗಲು ಬಿಟ್ಟ ಸಂದು. ನಡುವಿನ ಕಂಬದ ಹೊರೆ ಡೆಕ್‌ನಲ್ಲಿ ಎರಡೂ ಕಡೆ ಹರಡುತ್ತದೆ, ಜಾಯಿಂಟ್ ಪಕ್ಕದ ಕಂಬದ್ದು ಒಂದೇ ಕಡೆ. ಅಲ್ಲಿ ಸ್ಲ್ಯಾಬಿನ ಮೇಲೆ ಹೆಚ್ಚುಕಡಿಮೆ ಎರಡು ಪಟ್ಟು ಹೊರೆ. ಗೋಡೆ ಮುಗಿಯುವ ತುದಿಯಲ್ಲಂತೂ ಗಾಳಿಯ ಹೊಡೆತವೂ ಜಾಸ್ತಿ. ಬಿರುಕುಗಳು ಶುರುವಾಗುವುದು ಅಲ್ಲಿಂದಲೇ.

ಹಂತ 3: ಕಾರ್ಬನ್ ಇಲ್ಲದೆಯೂ ಸೇತುವೆ ನಿಲ್ಲುತ್ತದೆಯೇ?

ಇದು ಒಂದು ಸಾಲಿನ ಪರೀಕ್ಷೆ, ಆದರೆ ಬಿಡುವಂತಿಲ್ಲ. ಬೆಂಕಿ ಬಿದ್ದೋ, ಯಾರೋ ಡೆಕ್ ಕೊರೆದೋ ಪಟ್ಟಿ ಕೆಲಸಕ್ಕೆ ಬಾರದೇ ಹೋಯಿತು ಅಂದುಕೊಳ್ಳಿ. ಆಗಲೂ ಹಳೆಯ ಕಂಬಿಯೊಂದೇ ಸ್ಥಿರ ಭಾರದ 1.1 ಪಟ್ಟು ಮತ್ತು ಚಲ ಭಾರದ 0.75 ಪಟ್ಟನ್ನು ಹೊರಬೇಕು. ಅಮೆರಿಕದ ಕಾಂಕ್ರೀಟ್ ಸಂಸ್ಥೆಯ ಎಸಿಐ 440.2ಆರ್ ಮಾರ್ಗಸೂಚಿಯ ಮಿತಿ ಇದು. ಹೊರಲಿಲ್ಲ ಎಂದರೆ ಕಾರ್ಬನ್ ನಿಮ್ಮ ದಾರಿಯಲ್ಲ. ಚಾಚಿನ ಕೆಳಗೆ ಗರ್ಡರಿಗೆ ಉಕ್ಕಿನ ಬ್ರಾಕೆಟ್ ಕೊಡಿ, ಇಲ್ಲವೇ ಗೋಡೆಗೆ ನೆಲದಿಂದಲೇ ಬೇರೆ ಕಂಬ ಎಬ್ಬಿಸಿ.

ಹೊರಗಿನ ಗರ್ಡರ್ ತಿರುಚಿಕೊಳ್ಳುವುದು, ಗರ್ಡರ್ ಕೂತಿರುವ ಬೇರಿಂಗ್ ಮೇಲೆ ಎತ್ತುವ ಬಲ, ಇವನ್ನೂ ಇದೇ ಹಂತದಲ್ಲಿ ನೋಡಿ. ಚಾಚು ಗಟ್ಟಿಯಾದರೆ ಹೊರೆ ಮಾಯವಾಗುವುದಿಲ್ಲ, ಮುಂದಿನ ಅಂಗಕ್ಕೆ ಹೋಗುತ್ತದೆ.

ಹಂತ 4: ಪಟ್ಟಿ ಎಲ್ಲಿ, ಎಷ್ಟು

ಡೆಕ್ ಮೇಲೆ ಚಕ್ರ ಓಡುವುದರಿಂದ ಬಯಲಾಗಿ ಅಂಟಿಸಿದ ಹಾಳೆ ಉಳಿಯುವುದಿಲ್ಲ. ಕಾಂಕ್ರೀಟಿನಲ್ಲಿ ಕಿರಿದಾದ ಉದ್ದನೆಯ ತೋಡು (ಗ್ರೂವ್) ಕೊರೆದು, ಪಟ್ಟಿಯನ್ನು ಅಂಚಿನ ಮೇಲೆ ನಿಲ್ಲಿಸಿ, ಎಪಾಕ್ಸಿ ತುಂಬಿ ಹುದುಗಿಸುವುದೇ ಸರಿಯಾದ ದಾರಿ. ಮೈಗೆ ಅಂಟಿಸಿದ್ದಕ್ಕಿಂತ ಹಿಡಿತವೂ ಜಾಸ್ತಿ, ರಕ್ಷಣೆಯೂ ಜಾಸ್ತಿ.

ಮೇಲಿನ ಉದಾಹರಣೆಯನ್ನೇ ಮುಂದುವರಿಸೋಣ. ಎಳೆತದ ಪಟ್ಟಿಗೂ ಕೆಳಗಿನ ಒತ್ತುವ ಕಾಂಕ್ರೀಟಿಗೂ ನಡುವಿನ ಅಂತರ 0.2 ಮೀಟರ್ ಎಂದರೆ, 13.5 ಭಾಗಿಸು 0.2, ಪ್ರತಿ ಮೀಟರಿಗೆ ಸುಮಾರು 67 ಕಿಲೋನ್ಯೂಟನ್ ಎಳೆತ. ಪಟ್ಟಿ 1.4 ಮಿ.ಮೀ. ದಪ್ಪ, 20 ಮಿ.ಮೀ. ಅಗಲ, ಬಿಗಿತನ 165 ಗಿಗಾಪಾಸ್ಕಲ್. ಡಬ್ಬಿಯ ಮೇಲೆ 1.6 ಶೇಕಡಾ ಹಿಗ್ಗುತ್ತದೆ ಎಂದಿರುತ್ತದೆ, ಅದನ್ನು ಪೂರ್ತಿ ಬಳಸಬೇಡಿ. ಪಟ್ಟಿ ಹರಿಯುವ ಮೊದಲು ಅಂಟು ಬಿಡುತ್ತದೆ. ನಾನು ಇಲ್ಲಿ 0.6 ಶೇಕಡಾ ಹಿಡಿದು, ಮೇಲೆ 0.85ರ ಕಡಿತವನ್ನೂ ಕೊಟ್ಟಿದ್ದೇನೆ. ಒಂದು ಪಟ್ಟಿಗೆ 23.5 ಕಿಲೋನ್ಯೂಟನ್ ಬರುತ್ತದೆ. ಹಾಗಾದರೆ 300 ಮಿ.ಮೀ.ಗೆ ಒಂದು ಪಟ್ಟಿ ಸಾಕು. ಜಾಯಿಂಟ್ ಪಕ್ಕದ ಎರಡು ಮೀಟರಿನಲ್ಲಿ 150ಕ್ಕೆ ಒಂದು.

ಇದು ಲೆಕ್ಕದ ದಾರಿ ತೋರಿಸಲು, ನಿಮ್ಮ ಸೇತುವೆಯ ಉತ್ತರ ಅಲ್ಲ.

ತೋಡಿನ ಅಳತೆ: ಅಗಲ ಪಟ್ಟಿಯ ದಪ್ಪದ ಕನಿಷ್ಠ 3 ಪಟ್ಟು, ಆಳ ಪಟ್ಟಿಯ ಅಗಲದ ಕನಿಷ್ಠ ಒಂದೂವರೆ ಪಟ್ಟು. ಅಂದರೆ 20 ಮಿ.ಮೀ. ಪಟ್ಟಿಗೆ 5 ಮಿ.ಮೀ. ಅಗಲ, 30 ಮಿ.ಮೀ. ಆಳ. ಕವರ್ 40 ಇದ್ದರೆ ಆಗುತ್ತದೆ. 25 ಇದ್ದರೆ? 10 ಮಿ.ಮೀ. ಪಟ್ಟಿ ಆರಿಸಿ, 15 ಮಿ.ಮೀ. ಆಳಕ್ಕೆ, ಅಂತರ ಅರ್ಧಕ್ಕಿಳಿಸಿ. ಕಂಬಿ ಕೆಳಗಿಳಿದಿದ್ದರೆ ತೋಡಿಗೆ ಜಾಗವೇನೋ ಧಾರಾಳ ಸಿಗುತ್ತದೆ, ಆದರೆ ಹಳೆಯ ಬಲ ಕಮ್ಮಿಯಾದ್ದರಿಂದ ಪಟ್ಟಿಯೂ ಜಾಸ್ತಿ ಬೇಕು.

ಉದ್ದದಲ್ಲಿ ಕಂಜೂಸುತನ ಬೇಡ. ಗರ್ಡರ್ ಮುಖದ ಹತ್ತಿರ ಎಳೆತ ಅತಿ ಹೆಚ್ಚು. ಪಟ್ಟಿ ಅದನ್ನು ದಾಟಿ, ಗರ್ಡರ್ ಮೇಲೆ ಹಾದು, ಒಳಗಿನ ಸ್ಲ್ಯಾಬಿನಲ್ಲಿ ಚೆನ್ನಾಗಿ ಮುಂದೆ ಹೋಗಿ ನಿಲ್ಲಬೇಕು. ಚಾಚಿನ ಅಗಲಕ್ಕಷ್ಟೇ ಪಟ್ಟಿ ಕತ್ತರಿಸಿದವರನ್ನು ನೋಡಿದ್ದೇನೆ. ಹಗ್ಗದ ಒಂದು ತುದಿಯನ್ನಷ್ಟೇ ಕಟ್ಟಿದ ಹಾಗೆ.

ಇನ್ನೊಂದು ತುದಿಯ ಸಮಸ್ಯೆ ಹೆಚ್ಚು ಕಷ್ಟದ್ದು. ಅಲ್ಲಿ ಕ್ರ್ಯಾಶ್ ಬ್ಯಾರಿಯರ್ ಕೂತಿದೆ, ಕಟರ್ ಅದರ ಬುಡದ ತನಕ ಮಾತ್ರ ಹೋಗುತ್ತದೆ. ಅಲ್ಲಿ ಶುರುವಾದ ಪಟ್ಟಿ ಮೊದಲ ಒಂದೆರಡು ಗೇಣು ಏನೂ ಹೊರುವುದಿಲ್ಲ, ಹಿಡಿತ ಸಿಗಬೇಕಲ್ಲ. ಆದ್ದರಿಂದ ಬ್ಯಾರಿಯರ್ ಬುಡದ ಛೇದವನ್ನು ಹಳೆಯ ಕಂಬಿಯ ಬಲದಿಂದಲೇ ಪಾಸು ಮಾಡಬೇಕು. ವಾಹನ ಗುದ್ದುವ ಹೊರೆಗೆ ಅಂತ ಅಲ್ಲಿ ಕಂಬಿ ಜಾಸ್ತಿ ಕೊಟ್ಟಿರುತ್ತಾರೆ, ಬಹಳ ಸಲ ಪಾಸಾಗುತ್ತದೆ. ಆಗದಿದ್ದರೆ ಬ್ರಾಕೆಟ್ಟಿಗೆ ಹೋಗಿ. ಚಾಚು ಒಂದು ಮೀಟರಿಗಿಂತ ಗಿಡ್ಡವಿದ್ದರೂ ಹಾಗೇ, ಪಟ್ಟಿಗೆ ಹಿಡಿತ ಸಿಗುವ ಜಾಗವೇ ಇರುವುದಿಲ್ಲ.

ಹಾಗಾದರೆ ಕೆಳಗೆ ಏನೂ ಬೇಡವೇ? ಕೆಲವೊಮ್ಮೆ ಬೇಕು. ಗಾಳಿ ಹೊರಗಿನಿಂದ ರಸ್ತೆ ಕಡೆ ಬೀಸಿದಾಗ ಮೊಮೆಂಟ್ ತಿರುಗುತ್ತದೆ. ಗರ್ಡರ್ ಹತ್ತಿರ ಸ್ಲ್ಯಾಬಿನ ಮತ್ತು ಬ್ಯಾರಿಯರಿನ ಸ್ವಂತ ಭಾರವೇ ಅದನ್ನು ನುಂಗಿಹಾಕುತ್ತದೆ. ಆದರೆ ಬ್ಯಾರಿಯರ್ ಬುಡದ ಹತ್ತಿರ ಸ್ವಂತ ಭಾರದ ಮೊಮೆಂಟ್ ಎರಡು ಮೂರು ಮಾತ್ರ, ಎದುರಿಗೆ ಗಾಳಿಯದ್ದು 11. ಅಲ್ಲಿ ಕೆಳಮೈ ನಿಜವಾಗಿಯೂ ಹಿಗ್ಗುತ್ತದೆ. ಕೆಳಗಿನ ಕಂಬಿ ಹೆಸರಿಗಷ್ಟೇ ಇದ್ದರೆ ಆ ಅಂಚಿಗೆ ಹಾಳೆ ಅಂಟಿಸಿ. ಅದು ಮೇಲಿನ ಪಟ್ಟಿಯ ಜೊತೆಗೆ, ಅದರ ಬದಲಿಗಲ್ಲ.

ಹಂತ 5: ದಿನ ಮತ್ತು ಹೊತ್ತು ಆರಿಸುವುದು

ನಮ್ಮಲ್ಲಿ ಈ ಕೆಲಸಕ್ಕೆ ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಏಪ್ರಿಲ್‌ನಲ್ಲಿ ದಾವಣಗೆರೆಯ ಬಿಸಿಲಿಗೆ ಕಾಂಕ್ರೀಟ್ ಮೈ ಬರಿಗೈ ಇಡಲಾಗದಷ್ಟು ಕಾಯುತ್ತದೆ. ನೆರಳಿನಲ್ಲಿ ಮುಕ್ಕಾಲು ಗಂಟೆ ಉಳಿಯುವ ಎಪಾಕ್ಸಿ ಆಗ ಹದಿನೈದು ನಿಮಿಷಕ್ಕೇ ಗಟ್ಟಿ. ಬೇಸಿಗೆಯಲ್ಲಿ ಮಾಡಲೇಬೇಕೆಂದರೆ ರಾತ್ರಿ ಮಾಡಿ.

ಚಳಿಗಾಲದ ಬೆಳಗ್ಗೆಗೆ ಬೇರೆ ಕಾಟ, ಇಬ್ಬನಿ. ಕಣ್ಣಿಗೆ ಒಣಗಿದಂತೆ ಕಂಡರೂ ಮೈಮೇಲೆ ತೇವದ ಪೊರೆ ಇರುತ್ತದೆ. ನಿಯಮ ಇಷ್ಟೇ: ಕಾಂಕ್ರೀಟ್ ಮೈಯ ಬಿಸಿ ಇಬ್ಬನಿ ಕಟ್ಟುವ ಮಟ್ಟಕ್ಕಿಂತ ಕನಿಷ್ಠ 3 ಡಿಗ್ರಿ ಮೇಲಿರಬೇಕು. ಮೀಟರ್ ನೋಡಿ, ಬರೆದಿಡಿ. ಹಿಂದಿನ ಸಂಜೆ ಪ್ಲಾಸ್ಟಿಕ್ ಹಾಳೆಯೊಂದನ್ನು ನಾಲ್ಕೂ ಕಡೆ ಟೇಪ್ ಹಚ್ಚಿ ಡೆಕ್ ಮೇಲೆ ಬಿಡಿ, ಹದಿನಾರು ಗಂಟೆಯ ನಂತರ ಕೆಳಗೆ ನೀರಾಡಿದ್ದರೆ ಕೆಲಸ ಮುಂದಕ್ಕೆ.

ಹಂತ 6: ತೋಡು ಕೊರೆಯುವುದು

ಪಕ್ಕದ ಲೇನ್ ಬಂದ್ ಮಾಡಿ, ಟಾರು ಪದರ ತೆಗೆಯಿರಿ. ಯಂತ್ರವನ್ನು ಕೊನೆಯ ಸ್ವಲ್ಪ ದಪ್ಪಕ್ಕೆ ಇಳಿಸಬೇಡಿ, ಅದನ್ನು ಕೈಯಲ್ಲೇ ಕೆರೆಯಿರಿ. ಟಾರಿನ ಜಿಡ್ಡು ಉಳಿದ ಕಡೆ ಎಪಾಕ್ಸಿ ಹಿಡಿಯುವುದಿಲ್ಲ.

ಕವರ್ ಮೀಟರಿನಲ್ಲಿ ಅಡ್ಡ ಕಂಬಿ ಎಲ್ಲೆಲ್ಲಿ ಇದೆ ಎಂದು ಮತ್ತೆ ಓದಿ, ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ತೋಡೂ ಅದೇ ದಿಕ್ಕಿನಲ್ಲಿ ಹೋಗುವುದರಿಂದ ಎರಡು ಕಂಬಿಗಳ ನಡುವೆ ಬರುವಂತೆ ಗುರುತು ಹಾಕಿ. ಅಡ್ಡ ಬರುವ ಉದ್ದ ಕಂಬಿ ಸಾಮಾನ್ಯವಾಗಿ ಒಂದು ಪದರ ಕೆಳಗಿರುತ್ತದೆ, ಆದರೂ ಎಲ್ಲೋ ಒಂದು ಎದ್ದಿರುತ್ತದೆ. ಡೆಕ್‌ಗೆ ಅಡ್ಡ ಪ್ರಿಸ್ಟ್ರೆಸ್ ಕೇಬಲ್ (ಎಳೆದು ಬಿಗಿದಿಟ್ಟ ಉಕ್ಕಿನ ತಂತಿ) ಇದ್ದರೆ ಸ್ಕ್ಯಾನ್ ಇಲ್ಲದೆ ಮುಟ್ಟಲೇಬೇಡಿ.

ಸ್ಟಾಪರ್ ಬಿಗಿದು ಕೊರೆಯಿರಿ. ಬ್ಲೇಡಿನಿಂದ ಕಿಡಿ ಹಾರಿತು ಅಥವಾ ಸದ್ದು ಕೀರಲಾಯಿತು ಎಂದರೆ ಕಂಬಿ ತಗುಲಿದೆ. ಅಲ್ಲಿಯೇ ನಿಲ್ಲಿಸಿ, ಎಂಜಿನಿಯರನ್ನು ಕರೆಯಿರಿ. ನಾನು ಹೊಸದಾಗಿ ಈ ಕೆಲಸಕ್ಕೆ ಬಂದಾಗ ಒಂದು ಕಡೆ "ಸ್ವಲ್ಪ ತಾನೇ" ಅಂತ ಬಿಟ್ಟೆ. ಸಂಜೆ ಎಣಿಸಿದರೆ ಏಳು ಕಂಬಿಗೆ ಗಾಯ. ಬಲ ಹೆಚ್ಚಿಸಲು ಹೋಗಿ ಇದ್ದದ್ದನ್ನೂ ಕಳೆದಿದ್ದೆ. ಆ ಭಾಗಕ್ಕೆ ಮತ್ತೆ ಪಟ್ಟಿ ಲೆಕ್ಕ ಹಾಕಿ ದುಪ್ಪಟ್ಟು ಕೊಡಬೇಕಾಯಿತು. ಅದರ ಖರ್ಚು ಯಾರ ಜೇಬಿನಿಂದ ಹೋಯಿತು ಎನ್ನುವುದು ಬೇರೆ ಕಥೆ.

ನೀರು ಹಾಕಿ ಕೊರೆದರೆ ಧೂಳು ಕಡಿಮೆ, ಆದರೆ ಒಳಗೆ ಕೆಸರು ಕೂತು ಒಣಗಿ ಪುಡಿಯ ಪದರವಾಗುತ್ತದೆ. ಒತ್ತಡದ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಬೇಕು. ಒಣ ಕೊರೆತವಾದರೆ ವ್ಯಾಕ್ಯೂಮ್ ಜೋಡಿಸಿ. ಆಮೇಲೆ ಊದು, ಉಜ್ಜು, ಊದು. ಬೆರಳಿಗೆ ಬಿಳಿ ಬಟ್ಟೆ ಸುತ್ತಿ ತೋಡಿನೊಳಗೆ ಎಳೆದು ನೋಡಿ, ಬಟ್ಟೆ ಬೂದು ಬಣ್ಣವಾದರೆ ಇನ್ನೊಂದು ಸುತ್ತು.

ಹಂತ 7: ಎಪಾಕ್ಸಿ ಮತ್ತು ಪಟ್ಟಿ

ಪಟ್ಟಿಗಳನ್ನು ಮೊದಲೇ ಅಳತೆಗೆ ಕತ್ತರಿಸಿ, ಅಸಿಟೋನ್ ಬಟ್ಟೆಯಲ್ಲಿ ಒರೆಸಿ, ಒಣ ತೋಡಿನಲ್ಲಿ ಇಟ್ಟು ನೋಡಿ ತೆಗೆದಿಡಿ. ಸಿಪ್ಪೆ ಪದರವಿದ್ದರೆ ಕೊನೆ ಕ್ಷಣಕ್ಕೆ ಸುಲಿಯಿರಿ. ಇನ್ನೊಂದು ಮಾತು: ನಾಲ್ಕು ಗಂಟೆಗೆ ಮಂಡಕ್ಕಿ ಮೆಣಸಿನಕಾಯಿ ಬರುತ್ತದೆ, ಬರಬೇಕು ಕೂಡ, ಆದರೆ ತಿಂದ ಕೈಯಲ್ಲಿ ಪಟ್ಟಿ ಮುಟ್ಟಬಾರದು. ನಗಬೇಡಿ. ಪಟ್ಟಿಯ ಮೇಲಿನ ಎಣ್ಣೆ ಬೆರಳಚ್ಚು ಒಂದು ಸಣ್ಣ ಬಿರುಕಿನಷ್ಟೇ ಕೆಟ್ಟದ್ದು. ಹೊಸ ಕೈಗವಸು ಹಾಕಿಕೊಂಡೇ ಮತ್ತೆ ಶುರು ಮಾಡಿ.

ಎಪಾಕ್ಸಿಯ ಎರಡು ಭಾಗಗಳನ್ನು ತೂಗಿ ಬೆರೆಸಿ, ಕಣ್ಣಳತೆ ಬೇಡ. "ಬೇಗ ಸೆಟ್ ಆಗಲಿ" ಅಂತ ಗಟ್ಟಿಕಾರಕ ಜಾಸ್ತಿ ಹಾಕುವ ಮೇಸ್ತ್ರಿಗಳಿದ್ದಾರೆ. ಅದು ಸಿಮೆಂಟ್ ಅಲ್ಲ, ಅಳತೆ ತಪ್ಪಿದರೆ ಜನ್ಮದಲ್ಲಿ ಪೂರ್ತಿ ಗಟ್ಟಿಯಾಗುವುದಿಲ್ಲ. ಬಣ್ಣದಲ್ಲಿ ಗೆರೆ ಕಾಣದ ತನಕ ನಿಧಾನ ತಿರುಗಿಸಿ. ಒಂದು ಸಲಕ್ಕೆ ಸ್ವಲ್ಪವೇ ಕಲಸಿ, ಕಲಸಿದ ಮೇಲೆ ಅಗಲ ತಟ್ಟೆಗೆ ಸುರಿಯಿರಿ. ಬಕೆಟ್ಟಿನಲ್ಲೇ ಬಿಟ್ಟರೆ ತನ್ನ ಬಿಸಿಗೆ ತಾನೇ ಬೆಂದು ಹೊಗೆ ಏಳುತ್ತದೆ.

ತೋಡನ್ನು ಅರ್ಧದಿಂದ ಮುಕ್ಕಾಲು ಭಾಗ ಗನ್‌ನಿಂದ ತುಂಬಿ, ತುದಿ ತಳಕ್ಕೆ ತಾಗಿಸಿಕೊಂಡೇ ಹಿಂದಕ್ಕೆ ಬನ್ನಿ. ಪಟ್ಟಿಯ ಎರಡೂ ಮೈಗೆ ತೆಳುವಾಗಿ ಹಚ್ಚಿ, ಅಂಚಿನ ಮೇಲೆ ನಿಲ್ಲಿಸಿ ಸಮನಾಗಿ ಒತ್ತಿ. ಎರಡೂ ಬದಿಯಿಂದ ಎಪಾಕ್ಸಿ ಉಕ್ಕಿ ಬರಬೇಕು. ಉಕ್ಕದ ಜಾಗದಲ್ಲಿ ಒಳಗೆ ಗಾಳಿ ಕೂತಿದೆ, ಪಟ್ಟಿ ಎತ್ತಿ ಮತ್ತೆ ತುಂಬಿ. ಉಳಿದ ಭಾಗ ತುಂಬಿ, ಕರಣೆಯಲ್ಲಿ ಸಮ ಮಾಡಿ, ಮೇಲೆ ಒಣ ಮರಳು ಉದುರಿಸಿ. ಮುಂದಿನ ಪದರಕ್ಕೆ ಅದೇ ಹಿಡಿತ.

ಪ್ರತಿ ದಿನದ ಮಿಶ್ರಣದಿಂದ ಒಂದೆರಡು ಮಾದರಿ ಅಚ್ಚು ಎತ್ತಿಡಿ. ಮರುದಿನ ಉಗುರು ಊರಿದರೆ ಗುರುತು ಬೀಳುತ್ತದೆಯೇ? ಆ ಡಬ್ಬಿಯಿಂದ ತುಂಬಿದ ತೋಡುಗಳೆಲ್ಲ ಅನುಮಾನದ ಲೆಕ್ಕಕ್ಕೆ. ಮೊದಲ ಒಂದು ದಿನ ಆ ಲೇನಿನಲ್ಲಿ ಲಾರಿ ಬೇಡ. ಪೂರ್ತಿ ಬಲಕ್ಕೆ ಸುಮಾರು ಏಳು ದಿನ.

ಕೆಳಮೈಗೆ ಹಾಳೆಯನ್ನೂ ಅಂಟಿಸಿದ್ದರೆ ನಾಣ್ಯದಿಂದ ತಟ್ಟಿ ಟೊಳ್ಳು ಹುಡುಕಿ. ಅಂಗೈಗಿಂತ ತೀರಾ ಚಿಕ್ಕದು ಒಂದೆರಡಾದರೆ ನಡೆಯುತ್ತದೆ. 160 ಚದರ ಸೆಂಟಿಮೀಟರ್ ದಾಟಿದರೆ ಕತ್ತರಿಸಿ ತೇಪೆ ಹಾಕಬೇಕು. ನಡುವಿನದ್ದಕ್ಕೆ ಎಪಾಕ್ಸಿ ಚುಚ್ಚಿ.

ಹಂತ 8: ಬಿಸಿ ಟಾರು ಎನ್ನುವ ಶತ್ರು

ಇಲ್ಲಿಗೆ ಬಂದು ಎಡವಿದವರು ಎಷ್ಟೋ ಜನ. ಎಪಾಕ್ಸಿ ಮೆತ್ತಗಾಗಲು ಶುರುವಾಗುವ ಬಿಸಿ ಸಾಮಾನ್ಯವಾಗಿ 60ರಿಂದ 80 ಡಿಗ್ರಿ. ಬಿಸಿ ಟಾರು ಮಿಶ್ರಣ ಬರುವುದು 150ರ ಆಸುಪಾಸಿನಲ್ಲಿ, ಮಾಸ್ಟಿಕ್ ಅಸ್ಫಾಲ್ಟ್ ಇನ್ನೂ ಬಿಸಿ. ಏಳು ದಿನ ಕಾದು ಗಟ್ಟಿ ಮಾಡಿದ್ದನ್ನು ಅರ್ಧ ಗಂಟೆಯಲ್ಲಿ ಬೇಯಿಸಿಬಿಡುತ್ತೀರಿ.

ಮೊದಲು, ಮೆತ್ತಗಾಗುವ ಮಟ್ಟ ಎತ್ತರವಿರುವ ಎಪಾಕ್ಸಿಯನ್ನೇ ಕೊಳ್ಳಿ, ಕಂಪನಿಯ ಹಾಳೆಯಲ್ಲಿ ಆ ಅಂಕೆ ಇಲ್ಲದಿದ್ದರೆ ಕೊಳ್ಳಬೇಡಿ. ಬಿಸಿಲಿಗೇ ಕಾಯುವ ಡೆಕ್ ಇದು, ಹಾಗಾಗಿ ಟಾರು ಇಲ್ಲದಿದ್ದರೂ ಇದು ಬೇಕು. ಪಟ್ಟಿಯನ್ನು ತೋಡಿನ ತಳಕ್ಕೇ ಕೂರಿಸಿ, ಮೇಲೆ ಸಿಮೆಂಟ್ ಆಧಾರದ ರಕ್ಷಣಾ ಗಾರೆ ಕೊಡಿ. ತೋಡಿನೊಳಗೆ ಎರಡು ಮೂರು ಕಡೆ ತಾಪ ಅಳೆಯುವ ತಂತಿ ಬಿಟ್ಟು, ಸಣ್ಣ ತುಂಡಿನ ಮೇಲೆ ಮೊದಲು ಟಾರು ಹಾಕಿ ನೋಡಿ. ಅಂಕೆ ಮಿತಿ ದಾಟುತ್ತಿದ್ದರೆ ಬಿಸಿ ಕಡಿಮೆ ಬೇಕಾಗುವ ಮಿಶ್ರಣಕ್ಕೆ ಹೋಗಿ, ಇಲ್ಲವೇ ಪಟ್ಟಿ ಇರುವ ಆ ಅಂಚಿನ ಭಾಗಕ್ಕೆ ತಣ್ಣನೆಯ ಪದರ ಕೊಡಿ.

ವಾಟರ್‌ಪ್ರೂಫ್ ಹಾಳೆಯನ್ನು ಬೆಂಕಿ ಟಾರ್ಚ್ ಹಿಡಿದು ಅಂಟಿಸುವವರೂ ಇದ್ದಾರೆ. ಅವರನ್ನು ಸೇತುವೆ ಹತ್ತಿರ ಬಿಡಬೇಡಿ.

ಹಂತ 9: ಕಂಬ ನಿಲ್ಲಿಸುವುದು

ಎಪಾಕ್ಸಿ ಪೂರ್ತಿ ಗಟ್ಟಿಯಾಗುವ ತನಕ ಒಂದು ಬೋಲ್ಟೂ ಬಿಗಿಯಬೇಡಿ. ಕ್ರ್ಯಾಶ್ ಬ್ಯಾರಿಯರ್ ನೆತ್ತಿಗೆ ನೇರ ಕೆಮಿಕಲ್ ಆಂಕರ್ ಹೊಡೆಯುವ ಮೊದಲು ಬ್ಯಾರಿಯರ್ ಆ ಮೊಮೆಂಟನ್ನು ಕೆಳಗೆ ಸಾಗಿಸುತ್ತದೆಯೇ ಎಂದು ನೋಡಿ. ನೆತ್ತಿ ಕಿರಿದು, ಬೋಲ್ಟಿಗೆ ಅಂಚು ಹತ್ತಿರ, ಕಾಂಕ್ರೀಟ್ ಪಕ್ಕಕ್ಕೆ ಒಡೆಯುತ್ತದೆ. ಹೊರಮೈಗೆ ಪ್ಲೇಟ್ ಕೊಟ್ಟು ಆರಪಾರ ಬೋಲ್ಟ್ ಹಾಕುವುದು ನನಗೆ ಹೆಚ್ಚು ನಂಬಿಕೆಯ ದಾರಿ. ಬೋಲ್ಟಾಗಲಿ ಪ್ಲೇಟಾಗಲಿ ಕಾರ್ಬನ್‌ಗೆ ತಾಗಬಾರದು. ತೇವವಿದ್ದರೆ ಎರಡರ ಜೋಡಿ ಬ್ಯಾಟರಿಯಂತಾಗಿ ಉಕ್ಕನ್ನು ತಿನ್ನುತ್ತದೆ. ತಾಗುವ ಸಂಭವವಿದ್ದರೆ ನಡುವೆ ಗಾಜಿನ ನಾರಿನ ಪದರ ಕೊಡಿ.

ಪ್ಯಾನೆಲ್ ಎಕ್ಸ್‌ಪಾನ್ಷನ್ ಜಾಯಿಂಟ್ ದಾಟುವಲ್ಲಿ ಜಾರುವ ತೋಡಿರಲಿ. ಬಿಗಿದು ಕಟ್ಟಿದರೆ ಬೇಸಿಗೆಯಲ್ಲಿ ಡೆಕ್ ಹಿಗ್ಗಿ ಪ್ಯಾನೆಲ್ ಬಿಲ್ಲಾಗುತ್ತದೆ. ಅದೇ ಸಂದು ತೆರೆದೇ ಉಳಿದರೆ ಶಬ್ದವೂ ಅಲ್ಲಿಂದಲೇ ನುಗ್ಗುತ್ತದೆ, ರಬ್ಬರ್ ಪಟ್ಟಿ ಮರೆಯಬೇಡಿ. ಮಳೆನೀರಿನ ಕೊಳವೆಗಳನ್ನು ಬೇಸ್ ಪ್ಲೇಟ್ ಮುಚ್ಚಿಲ್ಲ ತಾನೇ?

ಪ್ಯಾನೆಲ್ ಏರಿಸುವ ಮೊದಲು ಒಂದೆರಡು ಕಂಬಕ್ಕೆ ಚೈನ್ ಬ್ಲಾಕ್ ಕಟ್ಟಿ, ನಡುವೆ ಲೋಡ್ ಸೆಲ್ ಇಟ್ಟು ಲೆಕ್ಕದ ಗಾಳಿ ಬಲದಷ್ಟು ಎಳೆಯಿರಿ. ಚಾಚಿನ ತುದಿಗೆ ಡಯಲ್ ಗೇಜ್ ಇಡಿ. ಬಿಟ್ಟಾಗ ಮುಳ್ಳು ಹೆಚ್ಚುಕಡಿಮೆ ಮೊದಲಿನ ಜಾಗಕ್ಕೆ ಬರಬೇಕು. ಬರದಿದ್ದರೆ ಎಲ್ಲೋ ಏನೋ ಜಾರಿದೆ. ಜಾಯಿಂಟ್ ಪಕ್ಕದ ಕಂಬವನ್ನು ಈ ಪರೀಕ್ಷೆಗೆ ಖಂಡಿತ ಸೇರಿಸಿ, ಸುಲಭದ ನಡುಗಂಬವನ್ನಷ್ಟೇ ಎಳೆದು ಫೋಟೋ ತೆಗೆಯಬೇಡಿ.

ಹಂತ 10: ಆಮೇಲೆ

ಆಷಾಢದ ಗಾಳಿ ಮುಗಿದ ಮೇಲೆ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ ನಡೆದು ನೋಡಿ. ಗರ್ಡರ್ ಗೆರೆಗುಂಟ ಟಾರಿನಲ್ಲಿ ಕೂದಲೆಳೆ ಬಿರುಕು, ಕಂಬದ ಬುಡದಲ್ಲಿ ಕಂದು ಕಲೆ, ಗಾಳಿಗೆ ಕಟಕಟ ಅನ್ನುವ ಬೋಲ್ಟ್, ಚಾಚಿನ ಕೆಳಗೆ ಹೊಸ ತೇವ. ಸೇತುವೆ ಕೆಳಗೆ ಕಸ ಸುಡುವವರಿದ್ದರೆ ನಿಲ್ಲಿಸಿ, ಕೆಳಮೈ ಹಾಳೆಗೆ ಆ ಶಾಖ ಸಾಕು.

ಕೊನೆಯದಾಗಿ ಪಟ್ಟಿಗಳ ನಕ್ಷೆ: ಯಾವ ಪಟ್ಟಿ ಎಲ್ಲಿದೆ, ಎಷ್ಟು ಆಳದಲ್ಲಿದೆ. ಒಂದು ಪ್ರತಿ ಸೇತುವೆಯ ಮಾಲೀಕ ಇಲಾಖೆಗೆ, ಒಂದು ನಿಮ್ಮಲ್ಲಿ. ಅದು ಫೈಲಿನಲ್ಲಿ ಕಳೆದುಹೋಗುತ್ತದೆ ಎಂದು ನಿಮಗೂ ಗೊತ್ತು, ನನಗೂ ಗೊತ್ತು. ಅದಕ್ಕೇ ಕ್ರ್ಯಾಶ್ ಬ್ಯಾರಿಯರ್ ಮೇಲೆ ಮಾಸದ ಬಣ್ಣದಲ್ಲಿ ಕನ್ನಡದಲ್ಲೇ ಬರೆಸಿ: "ಟಾರಿನ ಕೆಳಗೆ ಕಾರ್ಬನ್ ಪಟ್ಟಿ ಇದೆ, ಕಾಂಕ್ರೀಟ್ ಕೆರೆಯಬೇಡಿ." ಐದಾರು ವರ್ಷದ ನಂತರ ಮರುಡಾಂಬರಿಗೆ ಬರುವ ಯಂತ್ರದ ಡ್ರೈವರ್ ಓದುವುದು ಆ ಬರಹವನ್ನು, ನಿಮ್ಮ ಫೈಲನ್ನಲ್ಲ.